ನಾಲಿಗೆಯ ಹದ

"ಅದಲ್ಲ. ಅವಳ ಲೋಟ ಹೊರಗೈತೆ."

ಕ್ರೋಜಿಯರನ ಹೆಂಡತಿ ಇಷ್ಟು ಹೇಳಿ ನನ್ನ ಕೈಯಲ್ಲಿದ್ದ ಪಿಂಗಾಣಿ ಕಪ್ಪನ್ನು ಬಸಿಯ ಸಮೇತ ತೆಗೆದುಕೊಂಡಳು. ಕಿತ್ತುಕೊಂಡಳು ಅನ್ನಲಾರೆ. ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವ ಹಾಗೆ, ಮೆಲ್ಲಗೆ. ಕಪ್ಪನ್ನು ನನಗೆ ಕೊಟ್ಟವಳು ಆ ಮನೆಯವಳಲ್ಲ, ಬೆಲ್‌ಫಾಸ್ಟಿನಿಂದ ಬಂದಿದ್ದ ಹೀದರ್ ನೆಸ್ಬಿಟ್. ಸಂಗೀತದ ಮೂಲಕ ಎರಡು ಕಡೆಯವರನ್ನು ಹತ್ತಿರ ತರುವ ಯೋಜನೆಯೊಂದರ ಅಧಿಕಾರಿ. ಆಕೆಗೆ ಆ ಮನೆಯ ರೀತಿ ಗೊತ್ತಿರಲಿಲ್ಲ. ಅವಳ ಮುಖ ಕೆಂಪಾಯಿತು, ಎದುರಿಗಿದ್ದ ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸತೊಡಗಿದಳು.

ನನ್ನ ಲೋಟ ಕೊಟ್ಟಿಗೆಯ ನಲ್ಲಿಯ ಮೇಲೆ ಒಂದು ಮೊಳೆಗೆ ತೂಗುತ್ತಿರುತ್ತದೆ. ತಗಡಿನದು. ನನ್ನ ಅಜ್ಜನೇ ಮಾಡಿದ್ದು. ಹಿಡಿಯ ಬೆಸುಗೆ ಇನ್ನೂ ಬಿಟ್ಟಿಲ್ಲ. ಅವನು ಈ ಮನೆಗೆ ಒಂದು ಡಜನ್ ಲೋಟ ಮಾಡಿಕೊಟ್ಟಿದ್ದನಂತೆ. ಆಗ ಮನೆಯವರೆಲ್ಲ ಅವುಗಳಲ್ಲೇ ಕುಡಿಯುತ್ತಿದ್ದರು. ಪಿಂಗಾಣಿ ಬಂದಮೇಲೆ ಹನ್ನೊಂದು ಎಲ್ಲಿಗೋ ಹೋದವು, ಒಂದು ನಮಗಾಗಿ ಉಳಿಯಿತು.

ನಾವು ಗಾಡಿಯವರು. ಹಿಂದೆ ಕುದುರೆ ಎಳೆಯುತ್ತಿದ್ದ ಗಾಡಿ, ಈಗ ವ್ಯಾನು ಎಳೆಯುವ ಗಾಡಿ, ಮನೆಯೆಂದರೆ ಅದೇ. ಊರವರು ತಗಡಿನವರು ಅನ್ನುತ್ತಾರೆ; ತಗಡಿನ ಕೆಲಸ ಹೋಗಿ ನಲವತ್ತು ವರ್ಷವಾದರೂ ಹೆಸರು ಹೋಗಿಲ್ಲ. ಊರು ಆರ್ಮಾ ಕೌಂಟಿಯದು, ಎರಡೇ ಬೀದಿಯದು. ಮೇಲಿನ ಬೀದಿಯ ಕಾಲುದಾರಿಯ ಅಂಚಿನ ಕಲ್ಲುಗಳಿಗೆ ಕೆಂಪು, ಬಿಳಿ, ನೀಲಿ ಬಣ್ಣ, ಅಲ್ಲಿ ಪ್ರಾಟೆಸ್ಟೆಂಟರು. ಕೆಳಗಿನ ಬೀದಿಯಲ್ಲಿ ಹಸಿರು, ಬಿಳಿ, ಕಿತ್ತಳೆ; ಅಲ್ಲಿ ಕ್ಯಾಥೊಲಿಕರು. ಮೇಲಿನವರು ಜುಲೈ ಬಂದರೆ ಲ್ಯಾಂಬೆಗ್ ಬಾರಿಸುತ್ತಾರೆ. ಅದು ಎರಡು ಮುಖದ ಭಾರಿ ನಗಾರಿ. ಹೆಗಲಿಗೆ ಕಟ್ಟಿಕೊಂಡರೆ ಹಿಂದಿರುವ ಮನುಷ್ಯ ಕಾಣುವುದಿಲ್ಲ. ಎರಡು ಬೆತ್ತದಿಂದ ಹೊಡೆದರೆ ಮೂರು ಮೈಲಿ ಕೇಳುತ್ತದೆ. ಕೆಳಗಿನವರದು ಬೌರಾನ್, ಒಂದೇ ಮುಖದ, ತಮಟೆಯಂಥ ವಾದ್ಯ. ತೊಡೆಯ ಮೇಲೆ ನಿಲ್ಲಿಸಿಕೊಂಡು ಗಿಡ್ಡ ಕಡ್ಡಿಯಿಂದ ನುಡಿಸುತ್ತಾರೆ. ಎರಡಕ್ಕೂ ಹೆಣ್ಣು ಮೇಕೆಯ ಚರ್ಮವೇ ಆಗಬೇಕು. ಎರಡೂ ಬೀದಿಗೆ ಚರ್ಮ ಹೋಗುವುದು ವಿಲ್‌ಫ್ರೆಡ್ ಕ್ರೋಜಿಯರನ ಕೊಟ್ಟಿಗೆಯಿಂದ. ಮೂರು ತಲೆಮಾರಿನ ಚರ್ಮದ ಮನೆತನ ಎಂದು ಕೌಂಟಿಗೇ ಹೆಸರು. ಆ ಚರ್ಮವನ್ನು ಹದ ಮಾಡುವವಳು ನಾನು. ನನಗಿಂತ ಮೊದಲು ನನ್ನ ಅವ್ವ.

ಕೂಲಿಯೆಂದು ಇಲ್ಲ. ಹೊಲದ ಮೂಲೆಯಲ್ಲಿ ಗಾಡಿ ನಿಲ್ಲಿಸಲು ಜಾಗ, ನಲ್ಲಿಯ ನೀರು, ಕೊಟ್ಟಿಗೆಯಿಂದ ಎಳೆದ ಒಂದು ವಯರಿನಷ್ಟು ಕರೆಂಟು.

ಹೀದರ್ ಅಂದು ತಂದಿದ್ದ ಯೋಚನೆ ಆಕೆಗೆ ಬಹಳ ಇಷ್ಟವಾಗಿತ್ತು. ಹೇಳುವಾಗ ಕೈಗಳನ್ನು ಎದೆಯ ಹತ್ತಿರ ತಂದುಕೊಳ್ಳುತ್ತಿದ್ದಳು. ಒಂದೇ ಬಸಿರಿನ ಎರಡು ಮೇಕೆ. ಒಂದರ ಚರ್ಮ ಲ್ಯಾಂಬೆಗ್ಗಿನ ಮುಂದಿನ ಮುಖಕ್ಕೆ, ಇನ್ನೊಂದರದು ಬೌರಾನಿಗೆ. ಊರಿನ ಹೋಟೆಲ್ಲಿನ ಸಭಾಂಗಣದಲ್ಲಿ ಎರಡೂ ಒಂದೇ ವೇದಿಕೆಯಲ್ಲಿ, ಎರಡೂ ಬೀದಿಯವರ ಎದುರಿಗೆ. ಕಾರ್ಯಕ್ರಮದ ಹೆಸರು 'ಜೋಡಿ ಮಿಡಿತ'.

ನಾನು ಬಾಗಿಲ ಬಳಿ ನಿಂತೇ ಇದ್ದೆ. ಹಾಗೆ ಮಾಡಿದರೆ ನಗಾರಿಯ ಶ್ರುತಿ ನಿಲ್ಲುವುದಿಲ್ಲ ಎಂದೆ. ಲ್ಯಾಂಬೆಗ್ಗಿನ ಎರಡು ಮುಖಗಳನ್ನೂ ಬಿಗಿಯುವುದು ಒಂದೇ ಹಗ್ಗ; ಒಂದನ್ನು ಬಿಟ್ಟು ಇನ್ನೊಂದನ್ನು ಎಳೆಯಲಾಗದು. ಅದಕ್ಕೇ ಅವಳಿ ಮೇಕೆಗಳ ಚರ್ಮವನ್ನು ಎರಡು ಮುಖಕ್ಕೂ ಹಾಕುವುದು. ತೇವಕ್ಕೆ ಎರಡೂ ಸಮನಾಗಿ ಸಡಿಲುತ್ತವೆ, ಬಿಸಿಗೆ ಸಮನಾಗಿ ಬಿಗಿಯುತ್ತವೆ. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿದರೆ ಜನ ತುಂಬಿದ ಕೋಣೆಯಲ್ಲಿ, ಅಷ್ಟು ಉಸಿರಿನ ತೇವದಲ್ಲಿ, ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ.

ಇದು ಕ್ರೋಜಿಯರನಿಗೂ ಗೊತ್ತಿತ್ತು. ಆದರೆ ಯೋಜನೆಯ ಫಲಕದ ಮೇಲೆ ಅವನ ಹೆಸರು ಇತ್ತು.

"ಬಾಯ್ಮುಚ್ಕೊಂಡು ಹೇಳಿದ್ ಮಾಡಮ್ಮಿ," ಎಂದ. "ನಿನ್ನ ಯಾರು ಕೇಳಿದ್ರು?"

ಹೀದರ್ ನನ್ನನ್ನೂ ಸೇರಿಸಿಕೊಳ್ಳಬೇಕೆಂದು ನಿಜವಾಗಿಯೇ ಬಯಸಿದ್ದಳು. ಒಂದು ಅರ್ಜಿ ತೆಗೆದು, ಹೆಸರು ವಿನ್ನಿ ಮಾಂಗನ್ ಎಂದು ಬರೆದುಕೊಂಡಳು. ಆಮೇಲೆ ಪೆನ್ನು ನಿಂತಿತು.

"ನಿಮ್ಮದು ಯಾವ ಕಡೆ ಅಂತ ಬರೀಲಿ, ವಿನ್ನಿ?"

"ಗಾಡಿಯೋರು, ಮೇಡಂ."

"ಅದಕ್ಕೆ ಇದರಲ್ಲಿ ಜಾಗ ಇಲ್ವಲ್ಲ."

"ಅವ್ಳಿಗೆ ಎಲ್ಲೂ ಜಾಗ ಇಲ್ಲ," ಎಂದು ಕ್ರೋಜಿಯರ್ ನಕ್ಕ. "ಅದ್ಕೇ ನನ್ ಹೊಲ್ದಾಗೆ ಬಿದ್ದವ್ಳೆ."

ನಾವು ಭಾನುವಾರ ಕೆಳಗಿನ ಬೀದಿಯ ಚರ್ಚಿಗೇ ಹೋಗುತ್ತೇವೆ, ಕೊನೆಯ ಬೆಂಚಿಗೆ. ಆದರೆ ಹಾಗೆಂದು ಬರೆದರೆ ಆ ಕಡೆ ಒಬ್ಬರು ಹೆಚ್ಚಾಗುತ್ತಾರೆ; ಎರಡೂ ಕಡೆ ಸಮ ಇರಲೇಬೇಕೆಂದು ಹಣ ಕೊಟ್ಟವರ ನಿಯಮವಂತೆ. ಕೊನೆಗೆ ಆಕೆ ನನ್ನ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿ, ಕ್ರೋಜಿಯರನ ಹೆಸರಿನ ಕೆಳಗೆ 'ಸಹಾಯ: ಒಬ್ಬರು' ಎಂದು ಸೇರಿಸಿದಳು.

ನಾನು ಒಪ್ಪಿದ್ದಕ್ಕೆ ಕಾರಣ ಬೇರೆಯಿತ್ತು. ಮೇ ತಿಂಗಳಲ್ಲಿ ಕೌನ್ಸಿಲಿನಿಂದ ನೋಟೀಸು ಬಂದಿತ್ತು. ಹೊಲದ ಮೂಲೆಯಲ್ಲಿ ಗಾಡಿ ನಿಲ್ಲಿಸಲು ಪರವಾನಗಿ ಇಲ್ಲ, ತೆರವು ಮಾಡಬೇಕು ಎಂದು. ಜೂನ್ ಕೊನೆಯ ಶುಕ್ರವಾರದವರೆಗೆ ಗಡುವು. ನನ್ನ ಮಗಳು ಮಾರ್ಗಿಗೆ ಒಂಬತ್ತು. ಹಿಂದೆಲ್ಲ ಚರ್ಮದ ಕಾಲ ಮುಗಿದರೆ ಗಾಡಿ ಬೇರೆ ಊರಿಗೆ ಹೊರಡುತ್ತಿತ್ತು; ನಮ್ಮ ವಂಶದಲ್ಲಿ ಒಂದೇ ಶಾಲೆಯಲ್ಲಿ ಎರಡು ವರ್ಷ ಸತತವಾಗಿ ಕೂತವಳು ಅವಳೊಬ್ಬಳೇ. ಮೊದಲ ವರ್ಷ ಅವಳನ್ನು ಹಿಂದಿನ ಮೂಲೆಯಲ್ಲಿ ಕೂರಿಸಿ ಬಣ್ಣದ ಕಡ್ಡಿ ಕೊಟ್ಟರು. ಈ ವರ್ಷ ಈಸ್ಟರ್ ಕಳೆದ ಮೇಲೆ ಪುಸ್ತಕ ಕೊಟ್ಟಿದ್ದಾರೆ. ನನಗೆ ಓದು ಬರುವುದು ಅವಳ ಪುಸ್ತಕದಿಂದಲೇ. ಅವಳು ಹದಿನೇಳನೇ ಪುಟದಲ್ಲಿದ್ದರೆ ನಾನು ಒಂಬತ್ತರಲ್ಲಿ. ಗಾಡಿ ಕದಲಿದರೆ ಆ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ.

ಹೀದರ್ ಗೇಟಿನ ತನಕ ನನ್ನ ಜೊತೆ ನಡೆದು ಬಂದು ಹೇಳಿದಳು: ಕೌನ್ಸಿಲಿನ ಜಾಗದ ಅಧಿಕಾರಿ ಲಾವರಿ ಕಾರ್ಯಕ್ರಮಕ್ಕೆ ಬರುತ್ತಾರೆ. ಒಂದು ವರ್ಷದ ಅನುಮತಿ ಪತ್ರಕ್ಕೆ ಅವರನ್ನು ಒಪ್ಪಿಸಿದ್ದೇನೆ. ಎಲ್ಲ ಸುಸೂತ್ರವಾಗಿ ಆದರೆ ಆವತ್ತೇ ನಿಮ್ಮ ಕೈಗೆ.

ಹೀಗಾಗಿ ನಾನು ಆ ಎರಡು ಚರ್ಮಗಳಿಗೆ ಇಳಿದೆ.

ಸುಣ್ಣದ ಗುಂಡಿಯಲ್ಲಿ ಒಂಬತ್ತು ದಿನ. ದಿನಕ್ಕೆರಡು ಸಲ ಕೋಲಿನಿಂದ ತಿರುವಬೇಕು. ಕೂದಲು ಹೆಬ್ಬೆರಳಿಗೆ ಜಾರತೊಡಗಿದಾಗ ಎತ್ತಿ, ಓರೆಯಾಗಿ ನಿಲ್ಲಿಸಿದ ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಮೊಂಡುಗತ್ತಿಯಿಂದ ಹೆರೆಯುವುದು. ಮೇಲ್ಭಾಗ ಸುಲಭ. ಒಳಭಾಗದ ಮಾಂಸದ ಪೊರೆ ತೆಗೆಯುವಾಗ ಕತ್ತಿ ಒಂದು ಕೂದಲೆಳೆಯಷ್ಟು ಆಳಕ್ಕೆ ಹೋದರೂ ಕೆಲಸ ಕೆಟ್ಟಿತು. ಕೈಗವಸು ಹಾಕಿದರೆ ಆ ಆಳ ಗೊತ್ತಾಗುವುದಿಲ್ಲ. ಅದಕ್ಕೇ, ಸುಣ್ಣ ತಿಂದು, ನನ್ನ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ. ಒಮ್ಮೆ ಪೊಲೀಸರು ಯಾವುದೋ ಕಳವಿಗೆ ನಮ್ಮೆಲ್ಲರ ಬೆರಳಚ್ಚು ತೆಗೆದುಕೊಂಡಾಗ ನನ್ನದು ಖಾಲಿ ಮಸಿಯಾಗಿ ಬಂತು. ಬೇಕೆಂದೇ ಸುಟ್ಟುಕೊಂಡಿದ್ದೇನೆ ಎಂದು ಒಂದು ದಿನ ಕೂರಿಸಿದರು.

ಆಮೇಲೆ ನೀರು. ಏಳು ನೀರಿನಲ್ಲಿ ತೊಳೆಯಬೇಕು. ಸುಣ್ಣ ಒಳಗೆ ಉಳಿದರೆ ಚರ್ಮ ಒಣಗಿದ ಮೇಲೆ ಗಾಜಿನಂತೆ ಸೀಳುತ್ತದೆ. ಅತಿಯಾಗಿ ತೊಳೆದರೆ ಹತ್ತಿಬಟ್ಟೆಯಂತೆ ಸದ್ದು ನುಂಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಅವ್ವ ಕಲಿಸಿದ್ದು ನಾಲಿಗೆಯಿಂದ. ಚರ್ಮವನ್ನು ಎತ್ತಿ ಹಿಡಿದು ನಡುವಿನಿಂದ ಅಂಚಿನವರೆಗೆ ಗೇಣಿಗೊಂದು ಕಡೆ ನಾಲಿಗೆಯ ತುದಿ ಇಡಬೇಕು. ಕಚ್ಚಿದರೆ ಸುಣ್ಣ ಇದೆ. ಕಚ್ಚದೆ, ಆದರೆ ಸಪ್ಪೆಯೂ ಆಗದೆ, ಹಳೆಯ ನಾಣ್ಯದ ರುಚಿ ಬಂದರೆ ಆಯಿತು. ಚೌಕಟ್ಟಿಗೆ ಕಟ್ಟಿ ನೆರಳಲ್ಲಿ ಒಣಗಿಸಿದ ಮೇಲೆ ಇನ್ನೊಂದು ಸಲ. ಪೂರ್ತಿ ಒಣಗಿದ ಚರ್ಮ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ಹಸಿ ಇದ್ದರೆ ಬಿಟ್ಟುಬಿಡುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಒಣಗಿದ ಜೇಡಿಮಣ್ಣೂ ಹಾಗೇ ಹಿಡಿಯುತ್ತದೆ.

ಕ್ರೋಜಿಯರ್ ಇದನ್ನು ಒಮ್ಮೆ ನೋಡಿದ್ದ, ಎಂಟು ವರ್ಷದ ಹಿಂದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮುಖ ತಿರುಗಿಸಿ, "ಯಾರ್ ಮುಂದೂ ಬಾಯಿ ಬಿಡ್ಬ್ಯಾಡ" ಎಂದು ಹೋದ. ಆ ವರ್ಷದ ಪಂದ್ಯದಲ್ಲಿ ಅವನ ನಗಾರಿಗೇ ಮೊದಲ ಸ್ಥಾನ ಬಂತು. ಆ ಚರ್ಮಕ್ಕೆ ಕೆನ್ನೆಯಿಟ್ಟು ಅವನು ತೆಗೆಸಿಕೊಂಡ ಫೋಟೋ ಅವರ ಹಜಾರದಲ್ಲಿದೆ. ಕಿಟಕಿಯಿಂದ ಕಾಣುತ್ತದೆ.

ಬೌರಾನ್ ನುಡಿಸುವವನು ಕೊಲ್ಮ್ ಟ್ರೇನರ್, ಮಾರ್ಗಿಯ ಶಾಲೆಯ ಹೆಡ್‌ಮಾಸ್ಟರು. ಚರ್ಮ ನೋಡಲು ಒಂದು ಸಂಜೆ ಹಿಂದಿನ ದಾರಿಯಿಂದ ಬಂದ. ಕಾರಿನಿಂದ ಇಳಿಯಲಿಲ್ಲ. ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ಮೂಗಿಗೆ ಕರವಸ್ತ್ರ ಹಿಡಿದು ಮಾತಾಡಿದ. ಅವನ ಮಾತಿನಲ್ಲಿ ಕ್ರೋಜಿಯರನ ಒರಟು ಇಲ್ಲ. ನಮ್ಮ ಹಿರಿಯರನ್ನೂ ಹೊಲಗಳಿಂದ ಎಬ್ಬಿಸಿ ಓಡಿಸಿದ್ದರು ನೋಡು, ಅದಕ್ಕೇ ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ ಎಂದ. ಅಲೆದಾಟದ ಹಾಡುಗಳು ಅವನಿಗೆ ಮೂವತ್ತು ನಲವತ್ತು ಬರುತ್ತವಂತೆ.

ಮಾರ್ಗಿ ಹೇಗೆ ಕಲಿಯುತ್ತಿದ್ದಾಳೆ ಎಂದು ಕೇಳಿದೆ.

"ಬಣ್ಣ ಚೆನ್ನಾಗಿ ತುಂಬ್ತಾಳೆ," ಎಂದ ಟ್ರೇನರ್.

"ಈಗ ಓದ್ತವ್ಳೆ ಮೇಷ್ಟ್ರೇ. ಹದಿನೇಳ್ನೇ ಪುಟ."

"ಹೌದಾ? ಒಳ್ಳೇದು." ಗಾಜು ಮೇಲೇರಿತು.

ಕಾರ್ಯಕ್ರಮ ಜೂನ್ ಮೂರನೇ ಶನಿವಾರ ಮಧ್ಯಾಹ್ನ ಮೂರಕ್ಕೆ. ಮಾರ್ಗಿಯನ್ನು ನನ್ನ ತಂಗಿಯ ಜೊತೆ ಗಾಡಿಯಲ್ಲಿ ಬಿಟ್ಟು, ಕೈಯನ್ನು ನಿಂಬೆಹೋಳಿನಿಂದ ಎರಡು ಸಲ ಉಜ್ಜಿಕೊಂಡು, ಮದುವೆಗೆಂದು ಇಟ್ಟಿದ್ದ ನೀಲಿ ಕೋಟು ಹಾಕಿಕೊಂಡು ಹೋದೆ. ಹೀದರ್ ಕೊಟ್ಟಿದ್ದ ಚೀಟಿ ಜೇಬಿನಲ್ಲಿತ್ತು. ಹೋಟೆಲ್ಲಿನ ಬಾಗಿಲಲ್ಲಿ ನಿಂತಿದ್ದವನು ನನ್ನನ್ನು ನೂರು ಗಜದಿಂದಲೇ ಗುರುತಿಸಿದ. ಅವರಿಗೆ ಅದೊಂದು ಕಣ್ಣು ಇರುತ್ತದೆ.

"ಖಾಸಗಿ ಕಾರ್ಯಕ್ರಮ ಕಣಮ್ಮ."

ಚೀಟಿ ತೋರಿಸಿದೆ. ಎರಡು ಬೆರಳ ತುದಿಯಲ್ಲಿ ಹಿಡಿದು ಓದಿದ. "ಸಹಾಯ ಅಂತ ಬರ್ದಿದೆ. ಯಾರ್ಗೆ ಸಹಾಯ? ಎಲ್ ಎತ್ತಿದ್ದು ಇದನ್ನ?"

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಮೇಲಿನ ಬೀದಿಯವರು ಒಂದು ಬಾಗಿಲಿಂದ, ಕೆಳಗಿನವರು ಇನ್ನೊಂದು ಬಾಗಿಲಿಂದ. ಅದನ್ನು ಹೀದರ್ ಅಳೆದು ವ್ಯವಸ್ಥೆ ಮಾಡಿದ್ದಳು. ಎರಡು ಬಾಗಿಲಿಗೂ ಚೀಟಿ ನೋಡುವವನು ಅವನೊಬ್ಬನೇ; ಎರಡೂ ಸಾಲಿನವರು ನಾನು ಸರಿಯಲೆಂದು ಕಾಯುತ್ತಿದ್ದರು. ನಾನು ಸರಿದೆ. ಪತ್ರ ಒಳಗಿತ್ತು, ಜಗಳ ಮಾಡುವ ದಿನವಲ್ಲ. ಹಿಂಭಾಗಕ್ಕೆ ಹೋಗಿ, ಅಡುಗೆಮನೆಯ ಕಸದ ಡಬ್ಬಗಳ ಪಕ್ಕ ಮೋಟುಗೋಡೆಯ ಮೇಲೆ ಕೂತೆ.

ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಮೊದಲು ಮಕ್ಕಳ ಕೊಳಲು. ಭಾಷಣ, ಚಪ್ಪಾಳೆ. ಬೌರಾನ್ ಒಂದು ಸುತ್ತು ನುಡಿಯಿತು, ಚೆನ್ನಾಗಿಯೇ. ಆಮೇಲೆ ಕ್ರೋಜಿಯರನ ಲ್ಯಾಂಬೆಗ್ ಎದ್ದಿತು. ಸರಿಯಾದ ನಗಾರಿ ಗುಡುಗುವುದಿಲ್ಲ, ಗಂಟೆಯಂತೆ ಮೊಳಗುತ್ತದೆ. ಮೂರು ಪೆಟ್ಟಿನವರೆಗೆ ಮೊಳಗಿತು. ನಾಲ್ಕನೆಯದು ಒಡೆದ ಮಡಕೆ. ಐದನೆಯದಕ್ಕೆ ಕ್ರೋಜಿಯರ್ ನಿಲ್ಲಿಸಿದ. ನಾನು ಗೋಡೆಯಿಂದ ಇಳಿದು ಕೋಟಿನ ಹಿಂಭಾಗ ಕೊಡವಿಕೊಂಡೆ. ಕರೆಯಲು ಬರುತ್ತಾರೆಂದು ಗೊತ್ತಿತ್ತು.

ಅಡುಗೆಮನೆಯ ಬಾಗಿಲಿನಿಂದ ಹೀದರ್ ಓಡುತ್ತಲೇ ಬಂದಳು. "ವಿನ್ನಿ, ನೀವು ಹೊರಗೆ ಯಾಕೆ ಕೂತಿದೀರಿ?" ಎಂದಳು. ಉತ್ತರಕ್ಕೆ ಕಾಯಲಿಲ್ಲ.

ಪರದೆ ಎಳೆದಿದ್ದರು. ಪರದೆಯ ಹಿಂದೆ ಕ್ರೋಜಿಯರ್ ಬೆವೆತು ನಿಂತಿದ್ದ. ಟ್ರೇನರ್ ಕುರ್ಚಿಯಲ್ಲಿ ಕೂತು ಮೀಸೆಯಲ್ಲೇ ನಗುತ್ತಿದ್ದ. ಎದುರಿನವರ ವಾದ್ಯ ಸತ್ತದ್ದು ಅವನಿಗೆ ಬೇಸರದ ಸಂಗತಿಯಾಗಿರಲಿಲ್ಲ. ನಾನು ಎರಡೂ ಮುಖಗಳನ್ನು ಬೆರಳಿನಿಂದ ಮೀಟಿ ನೋಡಿದೆ. ನಾನು ಹೇಳಿದ್ದೇ ಆಗಿತ್ತು. ಮುನ್ನೂರು ಜನರ ಉಸಿರಿಗೆ ಹೊಸ ಚರ್ಮ ಸಡಿಲಿತ್ತು, ಹಳೆಯದು ಹಾಗೇ ಇತ್ತು. ಹಗ್ಗ ಎಳೆದರೆ ಹಳೆಯದು ಹರಿಯುತ್ತದೆ. ಮೇಲಿನ ಕೋಣೆಯಿಂದ ಕೂದಲು ಒಣಗಿಸುವ ಯಂತ್ರ ತರಿಸಿ ಎಂದೆ.

ಯಂತ್ರ ಬಂತು. ಕ್ರೋಜಿಯರನ ಹೆಂಡತಿಯೂ ಅದರ ಹಿಂದೆಯೇ ಬಂದು, ನನ್ನ ಕೈ ಎಲ್ಲೆಲ್ಲಿ ತಗಲುತ್ತದೆಂದು ನೋಡುತ್ತ ನಿಂತಳು. ಹೊಸ ಮುಖಕ್ಕೆ ಒಂದು ಮೊಳ ದೂರದಿಂದ, ಅಂಚಿನಿಂದ ನಡುವಿಗೆ ಸುತ್ತುತ್ತ, ಬಿಸಿಗಾಳಿ ಬಿಟ್ಟೆ. ಅಷ್ಟರವರೆಗೆ ಜನರನ್ನು ಹಿಡಿದಿಡಲು ಹೀದರ್ ಕ್ರೋಜಿಯರನನ್ನು ಪರದೆಯ ಆಚೆಗೆ, ಮೈಕಿನ ಮುಂದೆ ಕಳಿಸಿದಳು.

ಪರದೆ ತೆಳ್ಳಗಿತ್ತು. ನನ್ನಿಂದ ಎರಡು ಹೆಜ್ಜೆ ಆಚೆ ಅವನು ಮಾತಾಡುತ್ತಿದ್ದ. ಚರ್ಮದ ವಿದ್ಯೆ ತನ್ನ ತಾತನಿಂದ ತನ್ನ ತಂದೆಗೆ, ತಂದೆಯಿಂದ ತನಗೆ ಬಂದದ್ದು. ಅದರ ಹದ ರಕ್ತದಲ್ಲೇ ಇರಬೇಕು, ಹೊರಗಿನವರಿಗೆ ಹಿಡಿಯುವುದಿಲ್ಲ. ತನ್ನ ಕೊಟ್ಟಿಗೆಯಲ್ಲಿ ಎಲ್ಲ ಕೆಲಸ ಚೊಕ್ಕಟ, ಮೂರು ತಲೆಮಾರಿನಿಂದ ಪರರ ಕೈ ತಾಗಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೆಳಗಿನ ಬೀದಿಯ ಕಡೆಯಿಂದಲೂ ತಟ್ಟಿದರು.

ನಾನು ಯಂತ್ರ ಆರಿಸಿದೆ. ಬಗ್ಗಿ ಚರ್ಮದ ನಡುವಿಗೆ ನಾಲಿಗೆಯ ತುದಿ ಇಟ್ಟು ನೋಡಿದೆ. ಹಿಡಿದುಕೊಂಡಿತು. ನಗಾರಿ ಸಿದ್ಧವಾಗಿತ್ತು. ನನ್ನ ಕೆಲಸ ಮುಗಿದಿತ್ತು. ಹೀದರ್ ಅಡುಗೆಮನೆಯ ಬಾಗಿಲಿನ ಕಡೆ ನನಗೆ ದಾರಿ ತೋರಿಸಿದಳು. "ತುಂಬಾ ಥ್ಯಾಂಕ್ಸ್ ವಿನ್ನಿ. ಲಾವರಿ ಅವರ ಹತ್ರ ಪತ್ರ ಇದೆ, ನಾನು ನೋಡಿದೆ. ಮುಗಿದ ಮೇಲೆ ಹಿಂದೆ ತಂದು ಕೊಡ್ತೀನಿ."

ಪರದೆಯ ಹಗ್ಗ ಅದೇ ಬಾಗಿಲ ಪಕ್ಕದ ಕಂಬಕ್ಕೆ ಸುತ್ತಿತ್ತು. ನಾನು ಸುತ್ತು ಬಿಚ್ಚಿ ಎಳೆದೆ.

ಬೆಳಕು ಒಮ್ಮೆಲೇ ಬಂತು. ಎಡಕ್ಕೆ ಮೇಲಿನ ಬೀದಿ, ಬಲಕ್ಕೆ ಕೆಳಗಿನ ಬೀದಿ, ನಡುವೆ ಓಡಾಡಲು ಬಿಟ್ಟ ದಾರಿ. ಮೊದಲ ಸಾಲಿನಲ್ಲಿ ಲಾವರಿ. ಕೋಟಿನ ಹೊರಜೇಬಿನಲ್ಲಿ ಬಿಳಿ ಲಕೋಟೆ ಅರ್ಧ ಕಾಣುತ್ತಿತ್ತು. ಅದನ್ನು ನೋಡಿದೆ. ನೋಡಿಯೇ ನಗಾರಿಯ ಬಳಿಗೆ ವಾಪಸು ನಡೆದು, ಎರಡು ಕೈಯಲ್ಲೂ ಅದರ ಅಂಚಿನ ಬಳೆ ಹಿಡಿದು, ನಾಲಿಗೆ ಪೂರ್ತಿ ಚಾಚಿ, ಚರ್ಮದ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ನೆಕ್ಕಿದೆ.

ಎಡಗಡೆ ಒಬ್ಬ ಹೆಂಗಸು, ಪಕ್ಕದವಳಿಗೆ ಹೇಳುವಷ್ಟೇ ದನಿಯಲ್ಲಿ: "ನೆಕ್ಕಿದ್ಲು ಕಣ್ರೀ." ಬಲಗಡೆ ಯಾರೋ ಥೂ ಅಂದರು.

ಕ್ರೋಜಿಯರ್ ತಿರುಗಿದ. ಮೈಕು ಅವನ ಕೈಯಲ್ಲೇ ಇತ್ತು. ಅವನು ಹೇಳಿದ್ದು ಸಭಾಂಗಣಕ್ಕೆಲ್ಲ ಕೇಳಿತು.

"ಏನೇ ಮಾಡ್ತಿದೀಯ, ಹೊಲಸು ಮುಂಡೆ?"

"ಹದ ನೋಡ್ತಿದೀನಿ ಯಜಮಾನ್ರೇ," ಎಂದೆ. "ಹದ್ನಾರು ವರ್ಷದಿಂದ ನೋಡ್ತಿರೋದೇ ಹಿಂಗೆ. ನಿಮ್ಮನೇಲಿರೋ ಆರು ನಗಾರಿನೂ ನನ್ ನಾಲ್ಗೆ ಕಂಡಿದಾವೆ. ಕೆನ್ನೆ ಇಟ್ಟು ಫೋಟೋ ತೆಗೆಸ್ಕೊಂಡ್ರಲ್ಲ, ಅದೂವೆ."

ಟ್ರೇನರ್ ಈಗ ಬಾಯಿ ಬಿಟ್ಟೇ ನಗುತ್ತಿದ್ದ. ನಾನು ಅವನ ಕಡೆ ನೋಡಿದೆ.

"ಮೇಷ್ಟ್ರೇ, ನಿಮ್ ತೊಡೆ ಮ್ಯಾಲಿರೋದು ಇದರ ತಂಗಿ."

ನಗು ನಿಂತದ್ದು ಕಾಣಿಸಿತು. ಅವನು ಬೌರಾನನ್ನು ತೊಡೆಯಿಂದ ಮೆಲ್ಲಗೆ ಎತ್ತಿ ನೆಲಕ್ಕಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿದ. ಮೊದಲು ಬಲಗೈ, ಆಮೇಲೆ ಎಡಗೈ.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಒಣ ಚರ್ಮಕ್ಕೆ ನೀರು ತಾಗಿಸಬಾರದೆಂದು ನಲವತ್ತು ವರ್ಷ ಬಾರಿಸಿದವನಿಗೆ ಯಾರೂ ಹೇಳಬೇಕಿಲ್ಲ. ಮಳೆಹನಿ ಬಿದ್ದರೆ ತನ್ನ ಕೋಟನ್ನೇ ಬಿಚ್ಚಿ ನಗಾರಿಗೆ ಹೊದಿಸುವವನು ಕ್ರೋಜಿಯರ್. ನನ್ನ ನಾಲಿಗೆಯ ಒಂದು ಗೆರೆ ಬಿಸಿಗಾಳಿಗೆ ಎರಡು ನಿಮಿಷದಲ್ಲಿ ಆರುತ್ತಿತ್ತು. ಆದರೆ ಅವನ ಹೆಂಡತಿ ಭಾಷಣದ ಮೇಜಿನ ಹೂಜಿಯಿಂದ ಕರವಸ್ತ್ರ ನೆನೆಸಿ ತಂದುಕೊಟ್ಟಳು. ಎಲ್ಲರೂ ನೋಡುತ್ತಿದ್ದರು. ಅವನು ಒಂದು ಕ್ಷಣ ಕರವಸ್ತ್ರ ನೋಡಿದ, ಒಂದು ಕ್ಷಣ ಜನರನ್ನು. ಒರೆಸಿದ. ಮೇಲಿನಿಂದ ಕೆಳಗೆ, ಅಂಚಿನಿಂದ ಅಂಚಿಗೆ, ನೀರು ತೊಟ್ಟಿಕ್ಕುವಂತೆ ಉಜ್ಜಿದ. ಚರ್ಮ ಬೂದು ಬಣ್ಣಕ್ಕೆ ತಿರುಗಿ ಒಳಗೆ ಜೋತದ್ದು ಕಣ್ಣಿಗೇ ಕಾಣುತ್ತಿತ್ತು. ಬೆತ್ತ ತೆಗೆದುಕೊಂಡು ಒಂದು ಪೆಟ್ಟು ಹೊಡೆದ. ಹಸಿ ಗೋಣಿಗೆ ಹೊಡೆದ ಸದ್ದು.

ಟ್ರೇನರ್ ಎದ್ದು ಬಂದು ಕೈ ಚಾಚಿದ. ಕ್ರೋಜಿಯರ್ ಆ ಒದ್ದೆ ಕರವಸ್ತ್ರವನ್ನು ಅವನ ಕೈಗೆ ಕೊಟ್ಟ. ಅವನೂ ತನ್ನದನ್ನು ಒರೆಸಿದ. ಕರವಸ್ತ್ರ ಕೈ ಬದಲಾಗುವಾಗಲೇ ಪತ್ರಿಕೆಯವನ ಕ್ಯಾಮೆರಾ ಮಿಂಚಿತ್ತು. ಮಂಗಳವಾರದ ವಾರಪತ್ರಿಕೆಯಲ್ಲಿ ಆ ಚಿತ್ರವೇ ಬಂತು: ಒಂದೇ ಕರವಸ್ತ್ರದ ಎರಡು ತುದಿ, ಇಬ್ಬರ ಕೈಯಲ್ಲಿ. ಕೆಳಗೆ 'ಜೋಡಿ ಮಿಡಿತ' ಎಂದು ಅಚ್ಚಾಗಿತ್ತು. ಮಾರ್ಗಿ ಓದಿ ಹೇಳಿದಳು.

ಲಾವರಿ ಲಕೋಟೆಯನ್ನು ಹೊರಜೇಬಿನಿಂದ ತೆಗೆದು, ಕೋಟಿನ ಗುಂಡಿ ಬಿಚ್ಚಿ, ಒಳಜೇಬಿಗೆ ಇಟ್ಟು, ಗುಂಡಿ ಹಾಕಿಕೊಂಡ. ನಾನು ಅಡುಗೆಮನೆಯ ದಾರಿಯಲ್ಲಿ ಹೊರಗೆ ಬಂದೆ. ಹೀದರ್ ಬಾಗಿಲ ಪಕ್ಕ ನಿಂತು ಅಳುತ್ತಿದ್ದಳು. "ಯಾಕ್ ಹೀಗ್ ಮಾಡಿದ್ರಿ, ವಿನ್ನಿ? ಎಲ್ಲಾ ಎಷ್ಟು ಚೆನ್ನಾಗಿ ಆಗ್ತಿತ್ತು," ಎಂದಳು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟಾಗ ಕೌನ್ಸಿಲಿನ ಮಣ್ಣೆತ್ತುವ ಯಂತ್ರ ಬಂತು. ಹೊಲದ ಗೇಟಿನ ಬಾಯಿಗೆ ಐದು ಬಂಡೆಗಳನ್ನು ಉರುಳಿಸಿತು. ಒಂದೊಂದೂ ನನ್ನ ಸೊಂಟದಷ್ಟು ಎತ್ತರ. ಯಂತ್ರದವನಿಗೆ ಕೇಳಿದೆ, ಗಾಡಿ ಒಳಗೇ ಇದೆಯಲ್ಲ ಎಂದು. ತಗಡಿನವರು ಒಳಗೆ ಬರದಂತೆ ಹಾಕು ಅಂದಿದ್ದಾರೆ, ನೀವು ಆಗಲೇ ಒಳಗಿದ್ದರೆ ನಾನೇನು ಮಾಡಲಿ ಎಂದ. ಸೋಮವಾರ ಕೌನ್ಸಿಲಿನವನೊಬ್ಬ ಬಂಡೆಗಳ ನಡುವೆ ನುಸುಳಿ ಬಂದು, ಶುಕ್ರವಾರದೊಳಗೆ ಗಾಡಿ ಹೊರಗೆ ಹೋಗದಿದ್ದರೆ ಎಳೆದುಕೊಂಡು ಹೋಗಿ ಚೂರು ಮಾಡಲಾಗುವುದು ಎಂಬ ಕಾಗದವನ್ನು ಬಾಗಿಲಿಗೆ ಅಂಟಿಸಿದ. ಮಾರ್ಗಿ ಅದನ್ನೂ ಓದಿದಳು. 'ಚೂರು' ಎಂಬಲ್ಲಿ ತಡವರಿಸಿ, ಆಮೇಲೆ ಸರಿಯಾಗಿ ಓದಿದಳು.

ನಲ್ಲಿಯನ್ನು ಭಾನುವಾರವೇ ಬಂದ್ ಮಾಡಿದ್ದರು. ನೀರಿಗೆಂದು ಹೋದಾಗ ಮೊಳೆಯಲ್ಲಿ ಲೋಟ ತೂಗುತ್ತಿತ್ತು. ಅದನ್ನು ತೆಗೆದುಕೊಂಡು ಬಂದೆ. ಗಾಡಿಯಲ್ಲಿ ಒಂದು ಕ್ಯಾನು ನೀರು ಇತ್ತು. ಸುಣ್ಣದ ಗುಂಡಿಯಲ್ಲಿ ಇನ್ನೊಂದು ಜೋಡಿ ಅವಳಿ ಚರ್ಮ ಇತ್ತು, ಜುಲೈ ಪಂದ್ಯಕ್ಕೆಂದು ಹಾಕಿದ್ದು. ಸೋಮವಾರಕ್ಕೆ ಅದರ ಒಂಬತ್ತು ದಿನ ಮುಗಿದಿತ್ತು.

ಮಂಗಳವಾರ ಮಧ್ಯಾಹ್ನ ಕ್ರೋಜಿಯರ್ ಬಂದ. ಬಂಡೆಯ ಆಚೆ ನಿಂತ. ಶನಿವಾರದಿಂದ ಮುಖ ಸೊರಗಿತ್ತು.

"ಗುಂಡಿಯಿಂದ ಎತ್ತಿದಿಯೇನಮ್ಮಿ?"

"ನೀರಿಲ್ಲ."

"ಒಂದ್ ಗಂಟೆ ನಲ್ಲಿ ಬಿಡಿಸ್ತೀನಿ. ಎತ್ತಿ ತೊಳ್ದು ಕೊಡು. ಶುಕ್ರವಾರದ ವಿಷ್ಯ ಆಮ್ಯಾಕೆ ನೋಡಾಣ." ಸ್ವಲ್ಪ ಹೊತ್ತು ಬಂಡೆಯ ಮೇಲಿನ ಪಾಚಿ ಕೆರೆದ. "ಅದೊಂದ್ ಮಾಡ್ಬ್ಯಾಡ ಅಷ್ಟೇ. ನಾಲ್ಗೆ."

ಅವನ ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಟ್ರೇನರ್ ಈ ಸಲ ಇಳಿದ. ಇಬ್ಬರೂ ಒಬ್ಬರಿಗೊಬ್ಬರು ತಲೆ ಬಾಗಿಸಿದರು. ಮಾರ್ಗಿಯ ಹೆಸರನ್ನು ಇನ್ನೂ ಹಾಜರಿಯಿಂದ ಹೊಡೆದಿಲ್ಲ, ಬೇಕಾದರೆ ಹಾಗೇ ಇಡಬಹುದು ಎಂದ ಟ್ರೇನರ್. ಆಗಸ್ಟಿನ ಸ್ಪರ್ಧೆಗೆ ಅವನಿಗೆ ಹೊಸ ಚರ್ಮವೊಂದು ಬೇಕಿತ್ತು. ಚೊಕ್ಕಟವಾದದ್ದು.

ನಾನು ಗಾಡಿಯೊಳಗೆ ಹೋದೆ. ಸುಣ್ಣ ಒಂಬತ್ತು ದಿನದವರೆಗೆ ಕೂದಲನ್ನು ತಿನ್ನುತ್ತದೆ. ಹತ್ತನೆಯ ದಿನದಿಂದ ಚರ್ಮವನ್ನೇ ತಿನ್ನಲು ತೊಡಗುತ್ತದೆ. ನಾಳೆ ಎತ್ತಿದರೆ ಕೈಯಲ್ಲೇ ಹರಿಯುತ್ತದೆ. ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಕೆಟಲಿಗೆ ಬಗ್ಗಿಸಿ ಚಹಾ ಮಾಡಿದೆ. ಮಾರ್ಗಿಗೆ ಒಂದು, ತಂಗಿಗೆ ಒಂದು, ನನಗೆ ಒಂದು, ಅವ್ವನ ಪಿಂಗಾಣಿ ಕಪ್ಪುಗಳಲ್ಲಿ. ಉಳಿದದ್ದನ್ನು ತಗಡಿನ ಲೋಟಕ್ಕೆ ಹಾಕಿದೆ, ಹಾಲು ಬೆರೆಸಿದೆ, ಸಕ್ಕರೆ ಹಾಕಿದೆ. ತೆಗೆದುಕೊಂಡು ಹೋಗಿ ಅವರಿಬ್ಬರ ಎದುರಿನ ಬಂಡೆಯ ಮೇಲೆ ಇಟ್ಟೆ.

"ತಗೊಳ್ಳಿ ಯಜಮಾನ್ರೇ. ಇರೋದು ಒಂದೇ ಲೋಟ. ಇಬ್ರೂ ಹಂಚ್ಕೊಂಡು ಕುಡೀರಿ."

ಗಾಡಿಯ ಮೆಟ್ಟಿಲ ಮೇಲೆ ಕೂತು ನನ್ನ ಕಪ್ಪಿನಿಂದ ಕುಡಿದೆ. ಪಕ್ಕದಲ್ಲಿ ಮಾರ್ಗಿ ಪುಸ್ತಕ ಬಿಚ್ಚಿಕೊಂಡಿದ್ದಳು. ಬಂಡೆಯ ಮೇಲೆ ಲೋಟದಿಂದ ಹಬೆ ಏಳುತ್ತಿತ್ತು. ಅವರಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದರು. ನಮ್ಮ ಹಿಂದೆ ಸುಣ್ಣದ ಗುಂಡಿಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು.

ಹಬೆ ತೆಳುವಾಯಿತು, ಆಮೇಲೆ ನಿಂತಿತು. ಯಾರೂ ಕೈ ಚಾಚಲಿಲ್ಲ.